ಜಾರಿದ ಹೆಗಲು, ಮರಳುವ ಬಲ

ನಮ್ಮ ಮಾತಿನಲ್ಲಿ ಹೆಗಲಿಗೆ ದೊಡ್ಡ ಗೌರವವಿದೆ. ಕಷ್ಟದಲ್ಲಿದ್ದವರಿಗೆ ಹೆಗಲು ಕೊಡುತ್ತೇವೆ. ಮನೆಯ ಜವಾಬ್ದಾರಿ ಹೆಗಲೇರಿತು ಎನ್ನುತ್ತೇವೆ. ಹೆಗಲಿಗೆ ಹೆಗಲು ಕೊಟ್ಟು ದುಡಿದರು ಎಂದು ಹೊಗಳುತ್ತೇವೆ. ಮೊಣಕಾಲಿಗಾಗಲಿ ಮೊಣಕೈಗಾಗಲಿ ಈ ಭಾಗ್ಯವಿಲ್ಲ. ದುಡಿದು ತಿನ್ನುವ ಜನರ ಭಾಷೆಯಲ್ಲಿ ಭಾರ ಹೊರುವ ಅಂಗಕ್ಕೆ ಇಂಥ ಸ್ಥಾನ ಸಿಕ್ಕಿದ್ದು ಸಹಜವೇ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಿ. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ತಲೆಯ ಮೇಲೆ ಕೈಯೆತ್ತಿ ಉದ್ದನೆಯ ದೋಟಿಯನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಬೇಕು. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತದ ಗದ್ದೆಯ ಕೆಲಸ. ದೀಪಾವಳಿ ಕಳೆದರೆ ಹೋರಿ ಬೆದರಿಸುವ ಹಬ್ಬ. ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆದರೆ ಮೂಟೆಗಳನ್ನು ಲಾರಿಗೆ ಏರಿಸುವ ಕೆಲಸ. ಇನ್ನು ನಾಲ್ಕೂ ಕಡೆ ಶಾಲೆ, ಕಾಲೇಜುಗಳ ಅಂಗಳದಲ್ಲಿ ಕಬಡ್ಡಿ ಮತ್ತು ವಾಲಿಬಾಲ್. ಇವುಗಳಲ್ಲಿ ಯಾವುದೂ ಗಟ್ಟಿಯಾದ ಹೆಗಲಿಲ್ಲದೆ ನಡೆಯುವುದಿಲ್ಲ.

ಈ ಹೆಗಲಿನ ಕೀಲು ಒಮ್ಮೆ ತಪ್ಪಿತು, ಮತ್ತೆ ತಪ್ಪಿತು, ಮೂರನೆಯ ಸಲವೂ ತಪ್ಪಿತು ಎನ್ನಿ. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಕೀಲನ್ನು ಭದ್ರಪಡಿಸುತ್ತಾರೆ. ಆಮೇಲೆ ಅದು ಜಾರುವುದಿಲ್ಲ. ಆದರೆ ಆ ತೋಳಿಗೆ ಮೊದಲಿನ ಬಲ ಬರುತ್ತದೆಯೇ? ಬಂದರೆ ಎಷ್ಟು ದಿನಕ್ಕೆ? ತಾನಾಗಿಯೇ ಬರುತ್ತದೆಯೋ, ನಾವು ತರಬೇಕೋ? ಬಹಳ ಸರಳವಾಗಿ ಕಾಣುವ ಈ ಪ್ರಶ್ನೆಗಳನ್ನು ಸರಿಯಾಗಿ ಕೇಳಲು ವೈದ್ಯಲೋಕಕ್ಕೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು! ತೆರೆಯ ಮೇಲೆ ಅರ್ಧ ಗಂಟೆಯ ಮಾತಿನಲ್ಲಿ ಹೇಳಿ ಮುಗಿಸಲಾಗದ ಆ ಕಥೆಯನ್ನು ಇಲ್ಲಿ ಸ್ವಲ್ಪ ಬಿಡುವಾಗಿ ನೋಡೋಣ.

ತಟ್ಟೆಯ ಮೇಲಿನ ಲಿಂಬೆಹಣ್ಣು

ಮೊದಲು ಹೆಗಲಿನ ರಚನೆಯನ್ನು ತಿಳಿಯಬೇಕು. ತೊಡೆಯ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿದೆ. ಹೆಗಲಿನಲ್ಲಿ ಹಾಗಿಲ್ಲ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಜಾಗ ಚಿಕ್ಕದು ಮತ್ತು ಆಳವಿಲ್ಲದ್ದು. ಪುಟ್ಟ ತಟ್ಟೆಯ ಮೇಲೆ ಲಿಂಬೆಹಣ್ಣು ಇಟ್ಟ ಹಾಗೆ. ಯಾವುದೇ ಕ್ಷಣದಲ್ಲಿ ಗುಂಡಿನ ಸುಮಾರು ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಮಾತ್ರ ತಟ್ಟೆಗೆ ತಾಗಿರುತ್ತದೆ. ಆದ್ದರಿಂದಲೇ ನಾವು ತೋಳನ್ನು ಮುಂದೆ, ಹಿಂದೆ, ಮೇಲೆ, ಸುತ್ತಲೂ ತಿರುಗಿಸಬಲ್ಲೆವು. ದೇಹದ ಬೇರೆ ಯಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಸ್ವಾತಂತ್ರ್ಯಕ್ಕೆ ತೆರುವ ಬೆಲೆಯೇ ಜಾರುವಿಕೆ.

ಹಾಗಾದರೆ ಲಿಂಬೆ ತಟ್ಟೆಯಲ್ಲಿ ನಿಲ್ಲುವುದು ಹೇಗೆ? ಎರಡು ಏರ್ಪಾಟುಗಳಿವೆ. ಮೊದಲನೆಯದು ಕಟ್ಟು. ತಟ್ಟೆಯ ಅಂಚಿನ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಗಟ್ಟಿ ಬಳೆಯಿದೆ. ಅದಕ್ಕೆ ಅಂಟಿಕೊಂಡು ಅಸ್ಥಿರಜ್ಜುಗಳ ಚೀಲವಿದೆ. ಎರಡನೆಯದು ಹಿಡಿತ. ನಾಲ್ಕು ಸಣ್ಣ ಸ್ನಾಯುಗಳು ಗುಂಡನ್ನು ಸುತ್ತುವರಿದು ಅದನ್ನು ಸದಾ ತಟ್ಟೆಯ ಮಧ್ಯಕ್ಕೆ ಒತ್ತಿ ಹಿಡಿಯುತ್ತವೆ. ಮುಂಭಾಗದಲ್ಲಿ ಸಬ್‌ಸ್ಕಾಪ್ಯುಲಾರಿಸ್, ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್. ಮುಂದಿನದು ತೋಳನ್ನು ಒಳಕ್ಕೆ ತಿರುಗಿಸುತ್ತದೆ, ಹಿಂದಿನ ಎರಡು ಹೊರಕ್ಕೆ ತಿರುಗಿಸುತ್ತವೆ. ಕಟ್ಟು ಹರಿದರೂ ಜಾರುತ್ತದೆ, ಹಿಡಿತ ಸೋತರೂ ಜಾರುತ್ತದೆ. ಈ ಎರಡು ಪದಗಳನ್ನು, ಕಟ್ಟು ಮತ್ತು ಹಿಡಿತ, ನೆನಪಿನಲ್ಲಿಡಿ. ಮುಂದಿನ ಚರಿತ್ರೆಯೆಲ್ಲ ಇವುಗಳ ಸುತ್ತಲೇ ಇದೆ.

ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಹೆಗಲು ಆರೋಗ್ಯವಾಗಿದ್ದರೆ ಮಾತ್ರ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಮುಂದಕ್ಕೆ ಚಾಚಿ. ಗೆಳೆಯನೊಬ್ಬ ನಿಮ್ಮ ಮಣಿಕಟ್ಟನ್ನು ಅಲುಗದಂತೆ ಹಿಡಿಯಲಿ. ಈಗ ಹೊಟ್ಟೆಯ ಕಡೆಗೆ ನಿಧಾನವಾಗಿ ಒತ್ತಿ ನೋಡಿ. ಆಮೇಲೆ ಹೊರಗಡೆಗೆ ಒತ್ತಿ ನೋಡಿ. ಒಳಕ್ಕೆ ಒತ್ತುವ ಬಲವೇ ಹೆಚ್ಚು ಎಂದು ಗೆಳೆಯ ಹೇಳುತ್ತಾನೆ. ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳೂ ಒಳಗಿನ ಕಡೆಗೇ ಸಹಾಯ ಮಾಡುವುದು ಇದಕ್ಕೆ ಕಾರಣ. ಆರೋಗ್ಯವಂತರಲ್ಲಿ ಹೊರತಿರುವಿನ ಬಲ ಒಳತಿರುವಿನ ಬಲದ ಸುಮಾರು ಮೂರನೇ ಎರಡರಷ್ಟು ಇರುತ್ತದೆ. ಈ ಸಮತೋಲವೂ ಹೆಗಲಿನ ಆರೋಗ್ಯದ ಒಂದು ಗುರುತು.

ಕೀಲು ತಪ್ಪುವಾಗ ಬಹುಪಾಲು ಸಂದರ್ಭಗಳಲ್ಲಿ ಗುಂಡು ಮುಂದಕ್ಕೆ ಜಾರುತ್ತದೆ. ಕೈ ಮೇಲೆತ್ತಿ, ಚೆಂಡು ಎಸೆಯುವವರಂತೆ ಹಿಂದಕ್ಕೆ ತಿರುಗಿಸಿದ ಭಂಗಿಯೇ ಅಪಾಯದ ಭಂಗಿ. ಕಬಡ್ಡಿಯಲ್ಲಿ ಗೆರೆ ಮುಟ್ಟಲು ಕೈಚಾಚಿದವನನ್ನು ಹಿಂದಿನಿಂದ ಎಳೆದಾಗ, ಓಡುವ ಹೋರಿಯ ಕೊಬ್ಬರಿ ಹಾರಕ್ಕೆ ಕೈ ಹಾಕಿದಾಗ, ತೋಳು ಇದೇ ಭಂಗಿಗೆ ಬರುತ್ತದೆ.

ಹಿಂದಿನವರು ಕಂಡದ್ದು

ಹೆಗಲು ತಪ್ಪುವುದು ಮನುಷ್ಯನಷ್ಟೇ ಹಳೆಯದು. ಈಜಿಪ್ಟಿನಲ್ಲಿ ಇಪುಯ್ ಎಂಬ ಶಿಲ್ಪಿಯ ಸಮಾಧಿಯಿದೆ. ಸುಮಾರು 3200 ವರ್ಷಗಳ ಹಿಂದಿನದು. ಅದರ ಗೋಡೆಚಿತ್ರದಲ್ಲಿ ಕೆಲಸಗಾರರ ನಡುವೆ ಒಬ್ಬ ಮತ್ತೊಬ್ಬನ ಮೊಣಕೈ ಹಿಡಿದು ತಿರುಗಿಸುತ್ತಿದ್ದಾನೆ. ತಪ್ಪಿದ ಹೆಗಲನ್ನು ಕೂರಿಸುತ್ತಿರುವ ದೃಶ್ಯವದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಹೆಗಲು ಕೂಲಿಯವನದು ಎಂಬುದನ್ನು ಗಮನಿಸಿ.

ಕ್ರಿಸ್ತಪೂರ್ವ ಐದು, ನಾಲ್ಕನೇ ಶತಮಾನದ ಗ್ರೀಸಿನಲ್ಲಿ ಹಿಪೊಕ್ರೆಟಿಸ್ ಹೆಸರಿನಲ್ಲಿ ರಚಿತವಾದ ಕೀಲುಗಳ ಗ್ರಂಥ ಹೆಗಲಿನಿಂದಲೇ ಆರಂಭವಾಗುತ್ತದೆ. ಕಂಕುಳಲ್ಲಿ ಹಿಮ್ಮಡಿ ಊರಿ ಕೈಯನ್ನೆಳೆಯುವ ವಿಧಾನ ಅಲ್ಲಿದೆ. ಪದೇ ಪದೇ ಜಾರುವ ಹೆಗಲಿಗೆ ಕಂಕುಳ ಬಳಿಯ ಚರ್ಮವನ್ನು ಕಾದ ಕಬ್ಬಿಣದಿಂದ ಸುಟ್ಟು, ಗಾಯ ಮಾಯುವಾಗ ಚರ್ಮ ಬಿಗಿದು ಗುಂಡನ್ನು ತಡೆಯಲಿ ಎಂಬ ಉಪಾಯವೂ ಇದೆ. ಕ್ರೂರವೆನಿಸಿದರೂ ಇದರ ಹಿಂದಿನ ತರ್ಕ ಸ್ಪಷ್ಟ: ಕಟ್ಟು ಸಡಿಲವಾಗಿದೆ, ಬಿಗಿಮಾಡು. ಈ ದೋಷದಿಂದ ಎಷ್ಟೋ ಸಮರ್ಥರು ವ್ಯಾಯಾಮದ ಕಣವನ್ನು ಬಿಡಬೇಕಾಯಿತು, ಯುದ್ಧದಲ್ಲಿ ಆಯುಧ ಹಿಡಿಯಲಾಗದೆ ಸತ್ತರು ಎಂದೂ ಆ ಗ್ರಂಥ ಮರುಗುತ್ತದೆ.

ನಮ್ಮ ದೇಶದ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಮೂಳೆ ಮತ್ತು ತಪ್ಪಿದ ಕೀಲುಗಳಿಗೆ ಒಂದು ಅಧ್ಯಾಯವೇ ಇದೆ. ಹೆಗಲು ತಪ್ಪಿದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೂರಿಸಿ, ಸ್ವಸ್ತಿಕ ಎಂಬ ಅಡ್ಡಕಟ್ಟು ಹಾಕಬೇಕೆಂದು ಅದು ಹೇಳುತ್ತದೆ. ಆದರೆ ಅದೇ ಅಧ್ಯಾಯದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಂಗೈಯ ಮೂಳೆ ಮುರಿದು ಕೂಡಿಕೊಂಡವನಿಗೆ ಮೊದಲು ಮೆದುವಾದ ಮುದ್ದೆಯನ್ನು ಹಿಡಿಸಬೇಕು, ಆಮೇಲೆ ಉಪ್ಪಿನ ಗಟ್ಟಿಯನ್ನು ಹಿಡಿಸಬೇಕು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಹಿಡಿಸಬೇಕು ಎಂಬ ವಿಧಿ. ಮುದ್ದೆ, ಉಪ್ಪು, ಕಲ್ಲು! ಮೂಳೆ ಕೂಡಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ; ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ತರಬೇಕು ಎಂಬ ತಿಳಿವು ಇದರಲ್ಲಿದೆ.

ಈ ತಿಳಿವು ವೈದ್ಯರಲ್ಲಿ ಮಾತ್ರವಲ್ಲ, ಗರಡಿಯಲ್ಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಭೂಲೋಕಮಲ್ಲನೆಂದೇ ಬಿರುದು ಪಡೆದವನು. ಅವನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಷಯಕ್ಕೇ ಮೀಸಲಾದ ಭಾಗವಿದೆ. ಮಲ್ಲರನ್ನು ವಯಸ್ಸು ಮತ್ತು ಸಾಮರ್ಥ್ಯ ನೋಡಿ ವರ್ಗ ಮಾಡುವುದು, ಅವರ ಆಹಾರ, ಭಾರ ಎತ್ತುವ ಸಾಧನೆ, ನಡಿಗೆ, ನೀರಿನಲ್ಲಿ ಈಜು, ತೋಳಿಗೆ ತೋಳು ಕೊಟ್ಟು ಒತ್ತುವ ಸಾಧನೆ, ಕಂಬದ ಸಾಧನೆ ಇವೆಲ್ಲ ಅಲ್ಲಿ ಬರುತ್ತವೆ. ಒಂದೇ ದಿನದಲ್ಲಿ ಮಲ್ಲನಾಗುವುದಿಲ್ಲ ಎಂಬುದು ಆ ಕ್ರಮದ ಅರ್ಥ. ಇಷ್ಟು ದೂರದ ಕಾಲವೇ ಏಕೆ? ಚನ್ನಗಿರಿಗೆ ನೆರೆಯಾದ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ವ್ಯಾಯಾಮ, ಯೋಗ, ಆಯುರ್ವೇದ ಮೂರನ್ನೂ ಒಟ್ಟಿಗೆ ಕಲಿಸಿದವರು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಈ ಸೀಮೆಯ ಎಷ್ಟೋ ತರುಣರ ದೇಹ ಅವರ ಶಿಬಿರಗಳಲ್ಲಿ ಪಳಗಿತ್ತು.

ಜಾರದಿದ್ದರೆ ಸಾಕು ಎಂದ ಕಾಲ

ಈಗ ಆಧುನಿಕ ಶಸ್ತ್ರಚಿಕಿತ್ಸೆಗೆ ಬರೋಣ. 1846ರಲ್ಲಿ ಅರಿವಳಿಕೆ ಬಂತು, 1867ರಲ್ಲಿ ಲಿಸ್ಟರ್ ಕೀವು ತಡೆಯುವ ದಾರಿ ತೋರಿಸಿದರು, 1895ರಲ್ಲಿ ರಾಂಟ್ಜನ್ ಎಕ್ಸ್-ಕಿರಣ ಕಂಡುಹಿಡಿದರು. ಕೀಲನ್ನು ಬಿಡಿಸಿ ನೋಡುವ ಧೈರ್ಯ ವೈದ್ಯರಿಗೆ ಬಂದದ್ದು ಇವುಗಳಿಂದ.

ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ಮತ್ತು ಮತ್ತೆ 1938ರಲ್ಲಿ ಒಂದು ಮುಖ್ಯ ವಿಷಯ ಬರೆದರು. ಪದೇ ಪದೇ ಜಾರುವ ಹೆಗಲುಗಳಲ್ಲಿ ತಟ್ಟೆಯ ಮುಂದಿನ ಅಂಚಿನಿಂದ ಬಳೆ ಮತ್ತು ಚೀಲ ಕಿತ್ತುಬಂದಿರುತ್ತವೆ. ಅವನ್ನು ಮೂಳೆಗೆ ಮರಳಿ ಹೊಲಿದರೆ ರೋಗದ ಮೂಲವೇ ವಾಸಿಯಾಗುತ್ತದೆ ಎಂದು. ಅವರಿಗಿಂತ ಮೊದಲೇ, 1890ರಲ್ಲಿ ಫ್ರಾನ್ಸಿನ ಬ್ರೋಕಾ ಮತ್ತು ಹಾರ್ಟ್‌ಮನ್, 1906ರಲ್ಲಿ ಜರ್ಮನಿಯ ಪೆರ್ಥೆಸ್ ಇದನ್ನು ಗಮನಿಸಿದ್ದರು. ಆದರೂ ಇಂದಿಗೂ ಈ ಗಾಯಕ್ಕೆ ಬ್ಯಾಂಕಾರ್ಟ್ ಗಾಯವೆಂದೇ ಹೆಸರು. 1938ರ ವರದಿಯಲ್ಲಿ ಅವರು ಶಸ್ತ್ರಚಿಕಿತ್ಸೆ ಮಾಡಿದ 27 ಹೆಗಲುಗಳ ಲೆಕ್ಕ ಕೊಟ್ಟರು. ಒಂದೂ ಮತ್ತೆ ಜಾರಿರಲಿಲ್ಲ.

ಆದರೆ ಅಂದಿನ ಉಪಕರಣಗಳಿಂದ ಅಷ್ಟು ಆಳದಲ್ಲಿ ಹೊಲಿಯುವುದು ಬಹಳ ಕಷ್ಟ. ಅನೇಕರು ಸುಲಭದ ದಾರಿ ಹಿಡಿದರು. ಇಟಲಿಯ ಪುಟ್ಟಿ ಮತ್ತು ಇಂಗ್ಲೆಂಡಿನ ಪ್ಲಾಟ್ ಇವರ ಹೆಸರಿನ ವಿಧಾನವನ್ನು 1948ರಲ್ಲಿ ಆಸ್ಮಂಡ್-ಕ್ಲಾರ್ಕ್ ವಿವರಿಸಿದರು. ಅದರಲ್ಲಿ ಮುಂದಿನ ಸಬ್‌ಸ್ಕಾಪ್ಯುಲಾರಿಸ್ ಸ್ನಾಯುವನ್ನು ಕತ್ತರಿಸಿ, ಒಂದರ ಮೇಲೊಂದು ಮಡಿಕೆ ಹಾಕಿ, ಗಿಡ್ಡಮಾಡಿ ಹೊಲಿಯುತ್ತಿದ್ದರು. ತೋಳು ಹೊರಕ್ಕೆ ತಿರುಗುವುದೇ ಇಲ್ಲವೆಂದರೆ ಜಾರುವುದೆಲ್ಲಿಂದ? ಬಾಗಿಲಿಗೆ ಬೀಗ ಹಾಕಿದರೆ ಕಳ್ಳ ಬರುವುದಿಲ್ಲ ನಿಜ. ಮನೆಯವರೂ ಓಡಾಡುವ ಹಾಗಿಲ್ಲ! ಇಂಥ ಹೆಗಲುಗಳಲ್ಲಿ ವರ್ಷಗಳ ನಂತರ ಸಂಧಿವಾತ ಕಾಣಿಸಿಕೊಳ್ಳುತ್ತದೆಂದು 1990ರಲ್ಲಿ ಹಾಕಿನ್ಸ್ ಮತ್ತು ಏಂಜೆಲೊ ತೋರಿಸಿದರು. ಅತಿಯಾಗಿ ಬಿಗಿದ ಕೀಲು ಸವೆಯುತ್ತದೆ.

ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಲಾತಾರ್ಜೆ 1954ರಲ್ಲಿ ಬೇರೊಂದು ದಾರಿ ಹಿಡಿದರು. ಹೆಗಲಿನ ಮುಂದಿರುವ ಕೊರಕಾಯ್ಡ್ ಎಂಬ ಕೊಕ್ಕಿನಂಥ ಮೂಳೆಯ ತುಂಡನ್ನು, ಅದಕ್ಕಂಟಿದ ಸ್ನಾಯುರಜ್ಜುವಿನ ಸಮೇತ ತಂದು, ತಟ್ಟೆಯ ಮುಂದಂಚಿಗೆ ತಿರುಪಿನಿಂದ ಬಿಗಿದರು. ತಟ್ಟೆಯೂ ಅಗಲವಾಯಿತು, ಅಡ್ಡಲಾಗಿ ಒಂದು ಜೋಲಿಯೂ ಸಿಕ್ಕಿತು. ಇದರ ಬೆಲೆ ಗೊತ್ತಾದದ್ದು ಬಹಳ ವರ್ಷಗಳ ನಂತರ. ಸೂಕ್ಷ್ಮ ನಳಿಗೆಯ ಮೂಲಕ, ಅಂದರೆ ಆರ್ತ್ರೋಸ್ಕೋಪ್ ಬಳಸಿ ಮಾಡಿದ ಹೊಲಿಗೆಗಳನ್ನು 2000ದಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಪರಿಶೀಲಿಸಿದರು. ಮೂಳೆ ಹೆಚ್ಚು ಸವೆಯದ ಹೆಗಲುಗಳಲ್ಲಿ ನೂರಕ್ಕೆ 4 ಮಾತ್ರ ಮತ್ತೆ ಜಾರಿದ್ದವು. ಮೂಳೆ ಬಹಳ ಸವೆದಿದ್ದಲ್ಲಿ ನೂರಕ್ಕೆ 67. ಮೂಳೆ ಇಲ್ಲದ ಕಡೆ ಹೊಲಿಗೆ ನಿಲ್ಲದು. ಅಂಥವರಿಗೆ ಲಾತಾರ್ಜೆ ವಿಧಾನ ಇಂದಿಗೂ ದೊಡ್ಡ ಆಸರೆ.

ಇಷ್ಟೆಲ್ಲ ಮಾಡುವುದು ಯಾರಿಗಾಗಿ? ನಿಮ್ಮ ವಯಸ್ಸಿನವರಿಗಾಗಿಯೇ. ಅಮೆರಿಕದ ಬಾಸ್ಟನ್ನಿನ ಕಾರ್ಟರ್ ರೋವ್ 1956ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 20 ವರ್ಷದೊಳಗೆ ಮೊದಲ ಸಲ ಹೆಗಲು ತಪ್ಪಿದವರಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿಗೆ ಮತ್ತೆ ತಪ್ಪಿತ್ತು. 40 ದಾಟಿದವರಲ್ಲಿ ಅದು ಬಹಳ ಕಡಿಮೆ.

ಈ ಎಲ್ಲ ವರದಿಗಳಲ್ಲಿ ಒಂದು ಸಮಾನ ಅಂಶ ಕಂಡಿರಾ? ಮತ್ತೆ ಜಾರಿತೇ ಇಲ್ಲವೇ ಎಂಬುದೇ ಯಶಸ್ಸಿನ ಮುಖ್ಯ ಅಳತೆ. ಕಟ್ಟಿನ ಲೆಕ್ಕವಿದೆ, ಹಿಡಿತದ ಲೆಕ್ಕವಿಲ್ಲ. ಜಾರದ ಕೀಲು ಬೇರೆ, ದುಡಿಯುವ ತೋಳು ಬೇರೆ ಎಂಬುದು ಅಂಕಿಗಳಲ್ಲಿ ಮೂಡಲು ಬಲವನ್ನು ಅಳೆಯುವ ಉಪಾಯ ಬೇಕಾಗಿತ್ತು.

ಬಲಕ್ಕೆ ಅಳತೆಗೋಲು

ಆ ಉಪಾಯ ಹುಟ್ಟಿದ್ದು ಹೆಗಲಿನ ವೈದ್ಯರಲ್ಲಿ ಅಲ್ಲ, ಪೋಲಿಯೊ ಮಕ್ಕಳ ನಡುವೆ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಬಾಸ್ಟನ್ನಿನ ವೈದ್ಯ ರಾಬರ್ಟ್ ಲೊವೆಟ್ ಮತ್ತು ಅವರೊಡನೆ ಕೆಲಸ ಮಾಡಿದ ವಿಲ್ಹೆಲ್ಮಿನ್ ರೈಟ್ ಸ್ನಾಯುಗಳ ಬಲಕ್ಕೆ ದರ್ಜೆ ಕೊಡುವ ಕ್ರಮ ರೂಪಿಸಿದರು. ಭೂಮಿಯ ಗುರುತ್ವವೇ ಅವರ ತೂಕದ ಬಟ್ಟು. ಗುರುತ್ವದ ವಿರುದ್ಧ ಕೈ ಎತ್ತಬಲ್ಲೆಯಾ? ಎತ್ತಿದ ಕೈಯನ್ನು ನಾನು ಒತ್ತಿದರೂ ನಿಲ್ಲಿಸಬಲ್ಲೆಯಾ? 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 0ಯಿಂದ 5ರವರೆಗಿನ ದರ್ಜೆಗಳನ್ನು ಪ್ರಚುರಪಡಿಸಿತು. ಇಂದಿಗೂ ವೈದ್ಯರು ಕೇಸ್ ಷೀಟಿನಲ್ಲಿ ಬರೆಯುವ ಅಂಕಿ ಅದೇ.

ಅದೇ ಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರಿಗೆ ಹಂತಹಂತವಾಗಿ ಭಾರ ಹೆಚ್ಚಿಸುವ ವ್ಯಾಯಾಮ ಕೊಟ್ಟರು. 1945ರಲ್ಲಿ ಅದನ್ನು ಪ್ರಕಟಿಸಿದರು. ಬಹುಕಾಲ ಹಾಸಿಗೆ ಹಿಡಿದವರು ಬೇಗ ಚೇತರಿಸಿಕೊಂಡರು. ಇಂದು ಜಗತ್ತಿನೆಲ್ಲೆಡೆ ನಡೆಯುವ ಬಲವರ್ಧನೆಯ ವ್ಯಾಯಾಮಕ್ಕೆ ಇದು ತಳಹದಿ. ಮುದ್ದೆ, ಉಪ್ಪು, ಕಲ್ಲು ಎಂಬ ಕ್ರಮ ಇಲ್ಲಿ ಕಿಲೋಗ್ರಾಮಿನ ಲೆಕ್ಕಕ್ಕೆ ಬಂತು ಎನ್ನಬಹುದು.

ಆದರೆ 5 ಎಂಬ ದರ್ಜೆ ಪೈಲ್ವಾನನಿಗೂ ಒಂದೇ, ಸಾಮಾನ್ಯ ವಿದ್ಯಾರ್ಥಿಗೂ ಒಂದೇ. ಪೈಲ್ವಾನನ ಬಲ ಕಾಲುಭಾಗ ಕುಂದಿದರೂ ವೈದ್ಯರ ಕೈಗೆ ಅದು ಪೂರ್ಣ ಬಲದಂತೆಯೇ ತೋರಬಹುದು. 1967ರಲ್ಲಿ ಹಿಸ್ಲಾಪ್ ಮತ್ತು ಪೆರ್ರಿನ್ ವಿವರಿಸಿದ ಐಸೊಕೈನೆಟಿಕ್ ಯಂತ್ರ ಈ ತೊಡಕನ್ನು ಬಿಡಿಸಿತು. ಎಷ್ಟೇ ಬಲ ಹಾಕಿದರೂ ಯಂತ್ರದ ತೋಳು ನಿಗದಿಯಾದ ಒಂದೇ ವೇಗದಲ್ಲಿ, ಸೆಕೆಂಡಿಗೆ 60 ಅಥವಾ 180 ಡಿಗ್ರಿಯಂತೆ, ತಿರುಗುತ್ತದೆ. ಪ್ರತಿ ಕೋನದಲ್ಲೂ ಹಾಕಿದ ತಿರುಚುಬಲವನ್ನು ನ್ಯೂಟನ್ ಮೀಟರಿನಲ್ಲಿ ಬರೆದುಕೊಳ್ಳುತ್ತದೆ. ಭೌತಶಾಸ್ತ್ರ ಓದುವವರಿಗೆ ಇದು ಸುಲಭ: ಮೊಣಕೈಯಿಂದ 30 ಸೆಂಟಿಮೀಟರ್ ದೂರದ ಅಂಗೈಯಲ್ಲಿ 10 ಕಿಲೋಗ್ರಾಂ ಭಾರ ನೇತಾಡಿದರೆ ಮುಂಗೈ ಅಡ್ಡಲಾಗಿರುವಾಗ ಮೊಣಕೈ ಮೇಲಿನ ತಿರುಚುಬಲ ಸುಮಾರು 29 ನ್ಯೂಟನ್ ಮೀಟರ್. ಈಗ ಎರಡೂ ತೋಳುಗಳನ್ನು ಹೋಲಿಸಬಹುದು; ಒಳತಿರುವು, ಹೊರತಿರುವುಗಳ ಸಮತೋಲ ನೋಡಬಹುದು; ಇಪ್ಪತ್ತು ಸಲ ಮಾಡಿಸಿ ದಣಿವನ್ನೂ ಅಳೆಯಬಹುದು.

ಮೂರು ಗಡಿಯಾರಗಳು

ಈ ಅಳತೆಗಳು ಏನು ಹೇಳಿದವು? ಮೊದಲನೆಯದಾಗಿ, ಪದೇ ಪದೇ ಜಾರುವ ಹೆಗಲು ಶಸ್ತ್ರಚಿಕಿತ್ಸೆಗೆ ಮುಂಚೆಯೇ ದುರ್ಬಲವಾಗಿರುವುದುಂಟು. ಜಾರೀತೆಂಬ ಭಯದಿಂದ ಆ ಕೈಯನ್ನು ಬಳಸುವುದು ಕಡಿಮೆಯಾಗಿರುತ್ತದೆ. ಎರಡನೆಯದಾಗಿ, ಶಸ್ತ್ರಚಿಕಿತ್ಸೆಯ ನಂತರ ಬಲ ಇನ್ನೂ ಕುಸಿಯುತ್ತದೆ. ಕೆಲವು ವಾರ ಜೋಲಿಯಲ್ಲಿಟ್ಟ ತೋಳಿನ ಸ್ನಾಯು ತೆಳುವಾಗುತ್ತದೆ. ನೋವು ಮತ್ತು ಬಾವು ಇರುವಾಗ ಮೆದುಳೇ ಸ್ನಾಯುವಿಗೆ ಪೂರ್ಣ ಆಜ್ಞೆ ಕೊಡುವುದಿಲ್ಲ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸಬ್‌ಸ್ಕಾಪ್ಯುಲಾರಿಸ್ ಸ್ನಾಯುವನ್ನು ಬಿಡಿಸಿ ಮತ್ತೆ ಹೊಲಿದಿದ್ದರೆ ಒಳತಿರುವಿನ ಬಲಕ್ಕೆ ಇನ್ನಷ್ಟು ಪೆಟ್ಟು. ಆರ್ತ್ರೋಸ್ಕೋಪ್ ವಿಧಾನದಲ್ಲಿ ಅದನ್ನು ಕತ್ತರಿಸಬೇಕಿಲ್ಲ. ಮೂಳೆಗೆ ದಾರ ಸಿಕ್ಕಿಸುವ ಪುಟ್ಟ ಗೂಟಗಳು ಬಂದ ಮೇಲೆ, 1990ರ ದಶಕದಿಂದೀಚೆಗೆ, ಈ ವಿಧಾನ ಜನಪ್ರಿಯವಾಗಲು ಇದೂ ಒಂದು ಕಾರಣ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಬಲದ ಬಹುಪಾಲು ಸುಮಾರು ಆರು ತಿಂಗಳಿಗೆ ಮರಳುತ್ತದೆ. ಕೆಲವರಿಗೆ, ಮುಖ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ, ಒಂದು ವರ್ಷವೇ ಬೇಕು.

ಹೀಗೆ ಒಂದೇ ಹೆಗಲಿನಲ್ಲಿ ಮೂರು ಗಡಿಯಾರಗಳು ನಡೆಯುತ್ತವೆ. ನೋವಿನ ಗಡಿಯಾರ ವೇಗವಾದದ್ದು. ಕೆಲವೇ ವಾರಗಳಲ್ಲಿ ನೋವು ಇಳಿಯುತ್ತದೆ. ಹೊಲಿಗೆಯ ಗಡಿಯಾರ ನಿಧಾನ; ಕಿತ್ತುಬಂದ ಬಳೆ ಮೂಳೆಗೆ ಗಟ್ಟಿಯಾಗಿ ಬೆಸೆಯಲು ಸುಮಾರು ಮೂರು ತಿಂಗಳು. ಬಲದ ಗಡಿಯಾರ ಎಲ್ಲಕ್ಕಿಂತ ನಿಧಾನ. ಆರು ತಿಂಗಳು ಅಥವಾ ಹೆಚ್ಚು. ಅದಕ್ಕೆ ದಿನವೂ ಕೀಲಿ ಕೊಡದಿದ್ದರೆ ಅದು ನಿಂತೇಹೋಗುತ್ತದೆ. ಮೊದಲ ಗಡಿಯಾರವನ್ನು ನೋಡಿ ಮೂರನೆಯದರ ವೇಳೆ ಹೇಳುವುದೇ ಅಪಾಯ. ನೋವಿಲ್ಲವೆಂದು ಎರಡನೇ ತಿಂಗಳಲ್ಲಿ ಮೂಟೆ ಎತ್ತಿದವನು ಹೊಲಿಗೆಯನ್ನೇ ಪಣಕ್ಕಿಡುತ್ತಾನೆ. ಹೊಲಿಗೆ ಕೂಡಿತಲ್ಲ ಎಂದು ನಾಲ್ಕನೇ ತಿಂಗಳಲ್ಲಿ ಕಬಡ್ಡಿ ಅಂಗಳಕ್ಕಿಳಿದವನು ಹಿಡಿತವಿಲ್ಲದ ಕೀಲಿನಿಂದ ಆಡುತ್ತಾನೆ.

ಅಂಗಳಕ್ಕೆ ಮರಳುವ ಮುನ್ನ ಶಸ್ತ್ರಚಿಕಿತ್ಸೆಯಾದ ತೋಳಿನ ಬಲ ಇನ್ನೊಂದು ತೋಳಿನ ನೂರಕ್ಕೆ 90ರಷ್ಟಾದರೂ ಆಗಿರಲಿ ಎಂಬುದು ಅನೇಕ ತಜ್ಞರು ಅನುಸರಿಸುವ ಸೂತ್ರ. ಇಲ್ಲೂ ಒಂದು ಎಚ್ಚರ ಬೇಕು. ಬಲಗೈ ಬಳಸುವವರಿಗೆ ಬಲಗೈ ಸಹಜವಾಗಿಯೇ ತುಸು ಹೆಚ್ಚು ಬಲಿಷ್ಠ. ಹಾಗಾಗಿ ಬಲ ಹೆಗಲಿಗೆ ಶಸ್ತ್ರಚಿಕಿತ್ಸೆಯಾದಾಗ ಎಡಗೈಗೆ ಸಮವಾದ ಮಾತ್ರಕ್ಕೆ ಎಲ್ಲವೂ ಮರಳಿತೆಂದು ಹೇಳಲಾಗದು.

ನಾಲ್ಕು ತಾಲ್ಲೂಕು, ಒಂದು ಪ್ರಶ್ನೆ

ಈಗ ದಾವಣಗೆರೆ ಸೀಮೆಗೆ ಮರಳೋಣ. ಈ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಆಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಅದುವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 2018ರ ಹೊತ್ತಿಗೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ದಾವಣಗೆರೆಯಲ್ಲಿ 1965ರಲ್ಲೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಗಿತ್ತು. ಹೀಗಾಗಿ ಮೂಳೆ ತಜ್ಞರು, ಕಲಿತ ಕೈಗಳು ಈ ಸೀಮೆಗೆ ಅಪರಿಚಿತರಲ್ಲ.

ಹಾಗಿದ್ದರೂ ಲೆಕ್ಕ ಹಾಕಿ. ಈ ಊರುಗಳಿಂದ ದಾವಣಗೆರೆಗೆ ಸುಮಾರು 40ರಿಂದ 60 ಕಿಲೋಮೀಟರ್. ಶಸ್ತ್ರಚಿಕಿತ್ಸೆಗೆ ಒಂದು ಸಲ ಹೋದರೆ ಮುಗಿಯಿತು. ಮನೆಮಂದಿಯೆಲ್ಲ ಜೊತೆಗೆ ಹೋಗುತ್ತಾರೆ. ಆದರೆ ವ್ಯಾಯಾಮ ಕಲಿಯಲು ತಿಂಗಳುಗಟ್ಟಲೆ ಹೋಗಿಬರಬೇಕು. ಒಂದೊಂದು ಸಲವೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಒಂದು ದಿನದ ತರಗತಿ. ನೋವೂ ಇಲ್ಲದಾಗ ಹೋಗುವವರು ಯಾರು? ಕಟ್ಟಿಗೆ ಹಣ ಕೂಡುತ್ತದೆ, ಹಿಡಿತಕ್ಕೆ ಸಮಯ ಕೂಡುವುದಿಲ್ಲ. ಹಳ್ಳಿಯ ಹೆಗಲಿಗೆ ದೊಡ್ಡ ಅಪಾಯ ಇರುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅಲ್ಲ, ಅಲ್ಲಿಂದ ಹೊರಬಂದ ಮೇಲಿನ ಆರು ತಿಂಗಳಲ್ಲಿ.

ಸಂತೋಷದ ಸಂಗತಿಯೆಂದರೆ ಈ ವ್ಯಾಯಾಮಗಳಿಗೆ ದುಬಾರಿ ಯಂತ್ರ ಬೇಕಿಲ್ಲ. ಯಂತ್ರ ಬೇಕಾದದ್ದು ಅಳೆಯಲು, ಬೆಳೆಸಲು ಅಲ್ಲ. ವೈದ್ಯರು ಅನುಮತಿಸಿದ ದಿನದಿಂದ ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ತೂಗುವುದು ಮೊದಲ ಹೆಜ್ಜೆ. ಇದಕ್ಕೆ ಬಾಸ್ಟನ್ನಿನ ಕಾಡ್‌ಮನ್ ಹೆಸರಿದೆ. ಗೋಡೆಗೆ ಅಂಗೈಯೊತ್ತಿ, ತೋಳು ಅಲುಗದಂತೆ ಬಲ ಹಾಕುವುದು ಎರಡನೆಯದು. ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೊತ್ತಿ ಒಳಕ್ಕೆ, ಹೊರಕ್ಕೆ ಎಳೆಯುವುದು ಮೂರನೆಯದು. ನೀರು ತುಂಬಿದ ಬಾಟಲಿ ಎತ್ತುವುದು ಅದರ ಮುಂದಿನದು. ಗರಡಿಯ ಗದೆ, ತಲೆಯ ಮೇಲೆ ಎತ್ತುವ ಭಾರ, ಅಡಿಕೆಯ ದೋಟಿ ಎಲ್ಲಕ್ಕಿಂತ ಕೊನೆಯವು; ಏಕೆಂದರೆ ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸುವ ಅಪಾಯದ ಭಂಗಿ ಅವುಗಳಲ್ಲಿದೆ. ಯಾವ ಮೆಟ್ಟಿಲನ್ನು ಯಾವಾಗ ಹತ್ತಬೇಕೆಂದು ಹೇಳಬೇಕಾದವರು ವೈದ್ಯರು ಮತ್ತು ಫಿಸಿಯೊಥೆರಪಿ ತಜ್ಞರು. ಪ್ರತಿದಿನ ಹತ್ತಬೇಕಾದವರು ಮಾತ್ರ ನಾವೇ.

ಇನ್ನೊಂದು ಮಾತು. ಅಂಗಳದಲ್ಲಿ ಯಾರಿಗಾದರೂ ಹೆಗಲು ತಪ್ಪಿದರೆ ಕೈ ಹಿಡಿದು ಜಗ್ಗಬೇಡಿ. ಗುಂಡಿನ ಪಕ್ಕದಲ್ಲೇ ಆಕ್ಸಿಲರಿ ಎಂಬ ನರವಿದೆ. ಅದಕ್ಕೆ ಪೆಟ್ಟಾದರೆ ಹೆಗಲಿನ ಹೊರಮೈ ಜೋಮು ಹಿಡಿದು ತೋಳೆತ್ತುವ ಸ್ನಾಯು ಸೋಲುತ್ತದೆ. ಮೂಳೆ ಮುರಿದಿರಲೂಬಹುದು. ಟವೆಲಿನಿಂದ ತೋಳನ್ನು ಎದೆಗೆ ಆನಿಸಿ ಕಟ್ಟಿ, ಆಸ್ಪತ್ರೆಗೆ ಕರೆದೊಯ್ಯಿರಿ. ನಾಟಿ ವೈದ್ಯರ ಬಳಿ ಹೋಗುವ ವಾಡಿಕೆ ಇರುವ ಊರುಗಳಲ್ಲೂ ಮೊದಲು ಒಂದು ಎಕ್ಸ್-ರೇ ಆಗಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಇಂಥ ಹೆಗಲಿನವರೊಬ್ಬರು ಇರಬಹುದು. ಹೊರಗಿನಿಂದ ನೋಡಿದರೆ ಅವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಗಾಯದ ಗುರುತೂ ಅಂಗಿಯೊಳಗೆ ಮರೆಯಾಗಿರುತ್ತದೆ. ಆಟಕ್ಕೆ ಬಾ, ಮೂಟೆಗೆ ಕೈ ಹಾಕು ಎಂದು ಕರೆಯುವ ಮೊದಲು ಎಷ್ಟು ತಿಂಗಳಾಯಿತು ಎಂದು ಒಮ್ಮೆ ಕೇಳಿ. ಸಂಜೆ ಅವರು ರಬ್ಬರ್ ಪಟ್ಟಿ ಎಳೆಯುವಾಗ ಪಕ್ಕದಲ್ಲಿ ಕೂತು ಎಣಿಸಿ. ಬ್ಯಾಂಕಾರ್ಟ್, ಲಾತಾರ್ಜೆಯರ ಕೈಚಳಕ ಗುಂಡನ್ನು ತಟ್ಟೆಯಲ್ಲಿ ನಿಲ್ಲಿಸಬಲ್ಲದು. ಆ ತೋಳು ಮತ್ತೆ ದೋಟಿ ಹಿಡಿಯುವಂತೆ ಮಾಡುವುದು ಮನೆಯ ಜಗಲಿಯ ಮೇಲೆ, ದಿನಕ್ಕೆ ಇಪ್ಪತ್ತು ನಿಮಿಷದಂತೆ, ತಿಂಗಳುಗಟ್ಟಲೆ ನಡೆಯುವ ಕೆಲಸ. ಮುದ್ದೆಯಿಂದ ಕಲ್ಲಿಗೆ ಹೋಗುವ ದಾರಿಯಲ್ಲಿ ಉಪ್ಪಿನ ಗಟ್ಟಿಯನ್ನು ದಾಟಿಯೇ ಹೋಗಬೇಕು.